ಹಲಗೆ ಮುರಿಯುವ ಭಯ ಬಿಡಿ, ಜಾರುವ ಭಯ ಇರಲಿ: ಕ್ಯಾಂಪರ್ ವ್ಯಾನಿಗೆ ಮನೆಯಲ್ಲೇ ರಾಂಪ್

ಪ್ರಶ್ನೆ: ನಮಸ್ಕಾರ ಸರ್. ಎರಡು ವರ್ಷದ ಹಿಂದೆ ಒಂದು ಹಳೇ ಟೆಂಪೋ ಟ್ರಾವೆಲರ್ ತಗೊಂಡು, ಒಳಗೆ ಮಂಚ, ಅಡುಗೆ ಕಟ್ಟೆ, ನೀರಿನ ಟ್ಯಾಂಕ್ ಎಲ್ಲ ಹಾಕಿಸಿ ಕ್ಯಾಂಪರ್ ವ್ಯಾನ್ ಮಾಡಿಕೊಂಡಿದ್ದೇವೆ. ವೀಲ್‌ಬೇಸ್ (ಮುಂದಿನ, ಹಿಂದಿನ ಚಕ್ರಗಳ ನಡುವಿನ ದೂರ) 3350 ಎಂಎಂ. ಆಯಿಲ್ ಬದಲಿಸುವುದು, ಗ್ರೀಸ್ ಹೊಡೆಯುವುದು, ಅಡಿಭಾಗಕ್ಕೆ ತುಕ್ಕು ಹಿಡಿಯದ ಬಣ್ಣ ಬಳಿಯುವುದು, ಇಷ್ಟನ್ನಾದರೂ ನಾನೇ ಮಾಡಬೇಕು ಅಂತ ಆಸೆ. ಜಾಕಿ ಮೇಲೆ ನಿಲ್ಲಿಸಿ ಕೆಳಗೆ ನುಗ್ಗಲು ಧೈರ್ಯ ಇಲ್ಲ. ಅಮೆರಿಕದವರ ಒಂದು ವಿಡಿಯೊದಲ್ಲಿ ‘ಟೂ ಬೈ ಟ್ವೆಲ್ವ್’ (ಎರಡಿಂಚು ದಪ್ಪ, ಹನ್ನೆರಡಿಂಚು ಅಗಲ) ಹಲಗೆಗಳನ್ನು ಒಂದರ ಮೇಲೊಂದು ಜೋಡಿಸಿ ರಾಂಪ್ ಮಾಡಿದ್ದು ನೋಡಿದೆ. ನಮ್ಮ ಮನೆ ಕಟ್ಟಿದಾಗ ಉಳಿದ ಹಾಲೋ ಬ್ಲಾಕ್ ಮೂವತ್ತು ಬಿದ್ದಿವೆ. ಅವನ್ನು ಇಟ್ಟು ಮೇಲೆ ಹಲಗೆ ಹಾಕಿದರೆ ಸಾಲದೇ? ನಾಲ್ಕು ಟನ್ ತಡೆಯುತ್ತಾ? ಹಿಂದೆ ಜೋಡಿ ಟೈರ್ ಇದೆ, ಅದಕ್ಕೇನು ಮಾಡಬೇಕು? ಇದೇ ರಾಂಪನ್ನು ಪ್ರವಾಸಕ್ಕೂ ಒಯ್ಯಬಹುದಾ?
— ಒಬ್ಬ ಓದುಗರು, ಹಾಸನ

ಉತ್ತರ: ಮೊದಲು ಹಾಲೋ ಬ್ಲಾಕ್ ವಿಷಯ ಮುಗಿಸಿಬಿಡೋಣ. ಬೇಡ. ಮೂವತ್ತಲ್ಲ, ಮುನ್ನೂರು ಇದ್ದರೂ ಬೇಡ.

ಬ್ಲಾಕು ಗೋಡೆಯಲ್ಲಿ ಎರಡು ಅಂತಸ್ತು ಹೊರುತ್ತದೆ, ಟೈರಿನ ಕೆಳಗೆ ಯಾಕೆ ಹೊರುವುದಿಲ್ಲ ಅಂತ ಕೇಳಬಹುದು. ಗೋಡೆಯಲ್ಲಿ ಗಾರೆ ಇರುತ್ತದೆ. ಭಾರ ಬ್ಲಾಕಿನ ಮೈಮೇಲೆಲ್ಲ ಸಮನಾಗಿ ಹರಡುತ್ತದೆ, ನೇರ ಕೆಳಕ್ಕೆ ಇಳಿಯುತ್ತದೆ. ನೆಲದ ಮೇಲೆ ಸುಮ್ನೆ ಇಟ್ಟ ಬ್ಲಾಕಿನ ಕೆಳಗೆ ಒಂದು ಜಲ್ಲಿ ಚೂರು ಸಿಕ್ಕಿಕೊಂಡರೂ ಸಾಕು, ಭಾರವೆಲ್ಲ ಆ ಒಂದು ಜಾಗಕ್ಕೆ ಬೀಳುತ್ತದೆ. ಮೇಲಿಂದ ಚಕ್ರ ಅಲುಗುತ್ತದೆ, ಪಕ್ಕಕ್ಕೆ ತಳ್ಳುತ್ತದೆ. ಕಾಂಕ್ರೀಟಿಗೆ ಇದು ಒಗ್ಗುವುದಿಲ್ಲ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಮರ ಸೋಲುವ ಮುಂಚೆ ಕಿರುಗುಟ್ಟುತ್ತದೆ, ಬಾಗುತ್ತದೆ, ಸೀಳು ತೋರಿಸುತ್ತದೆ. ಬ್ಲಾಕು ಏನೂ ಹೇಳುವುದಿಲ್ಲ. ಒಮ್ಮೆಗೇ ಪುಡಿ.

ನಾನು ಕೆಲಸ ಕಲಿಯುತ್ತಿದ್ದ ಕಾಲದ ಮಾತು. ಒಂದು ವ್ಯಾನಿನ ಹಿಂದಿನ ಮೂಲೆಯನ್ನು ಎರಡು ಬ್ಲಾಕಿನ ಮೇಲೆ ಕೂರಿಸಿ ಚಕ್ರ ಬಿಚ್ಚಿದ್ದೆವು. ಅರ್ಧ ಕೆಲಸದಲ್ಲಿ ಟೀ ಕುಡಿಯಲು ರಸ್ತೆ ದಾಟಿದೆವು. ಲೋಟ ಕೈಗೆ ಬರುವಷ್ಟರಲ್ಲಿ ‘ಟಪ್’ ಅಂತ ಶಬ್ದ ಬಂತು. ಹೋಗಿ ನೋಡಿದರೆ ಬ್ರೇಕ್ ಡ್ರಮ್ಮು ನೆಲ ಕಚ್ಚಿತ್ತು, ಬ್ಲಾಕು ರವೆಯಾಗಿತ್ತು. ಹತ್ತು ನಿಮಿಷ ಮುಂಚೆ ನನ್ನ ಕಾಲು ಅದೇ ಜಾಗದಲ್ಲಿತ್ತು. ನಿಮ್ಮ ಬ್ಲಾಕುಗಳಲ್ಲಿ ಗಿಡಕ್ಕೆ ಪಾತಿ ಕಟ್ಟಿ.

ಇನ್ನು ನಾಲ್ಕು ಟನ್ ಲೆಕ್ಕ. ಯಾವ ರಾಂಪೂ ನಾಲ್ಕು ಟನ್ ಹೊರುವುದಿಲ್ಲ, ಹೊರಬೇಕಾಗಿಯೂ ಇಲ್ಲ. ಮುಂದಿನ ಎರಡು ಚಕ್ರ ಹತ್ತಿಸಿದರೆ ರಾಂಪುಗಳಿಗೆ ಬರುವುದು ಮುಂದಿನ ಆ್ಯಕ್ಸಲಿನ ಭಾರ ಮಾತ್ರ. ಅದು ಎಷ್ಟು ಅಂತ ಆರ್‌ಸಿ ನೋಡಿ ಹೇಳಲಾಗುವುದಿಲ್ಲ. ನೀವು ಸೀಟು ಕಿತ್ತು ಮಂಚ ಹಾಕಿದ್ದೀರಿ, ಟ್ಯಾಂಕ್ ಹಾಕಿದ್ದೀರಿ, ಬ್ಯಾಟರಿ ಹಾಕಿದ್ದೀರಿ. ಹತ್ತಿರದ ವೇ ಬ್ರಿಡ್ಜಿಗೆ ಹೋಗಿ. ಒಮ್ಮೆ ಇಡೀ ಗಾಡಿ ತೂಗಿಸಿ, ಆಮೇಲೆ ಮುಂದಿನ ಚಕ್ರಗಳನ್ನಷ್ಟೇ ತಟ್ಟೆಯ ಮೇಲೆ ನಿಲ್ಲಿಸಿ ತೂಗಿಸಿ. ಎರಡು ಚೀಟಿ ಸಿಗುತ್ತದೆ. ಒಂದರಲ್ಲಿ ಇನ್ನೊಂದನ್ನು ಕಳೆದರೆ ಹಿಂದಿನ ಆ್ಯಕ್ಸಲಿನ ಭಾರ ಗೊತ್ತಾಗುತ್ತದೆ. ಮನೆಯಲ್ಲೇ ಮಾಡಿಸಿದ ಕ್ಯಾಂಪರ್‌ಗಳಲ್ಲಿ ಹಿಂದಿನ ಭಾರ ಮಾಲೀಕರು ಅಂದುಕೊಂಡದ್ದಕ್ಕಿಂತ ಜಾಸ್ತಿ ಬರುವುದನ್ನು ನಾನು ತುಂಬ ಸಲ ನೋಡಿದ್ದೇನೆ.

ಉದಾಹರಣೆಗೆ ಮುಂದೆ 1,600 ಕಿಲೋ, ಹಿಂದೆ 2,400 ಕಿಲೋ ಅಂದುಕೊಳ್ಳಿ. ಮುಂದಿನ ಒಂದು ಚಕ್ರಕ್ಕೆ 800 ಕಿಲೋ. ಟೈರಿನಲ್ಲಿ ಎಷ್ಟು ಗಾಳಿ ಇದೆಯೋ ಸುಮಾರು ಅಷ್ಟೇ ಒತ್ತಡ ಅದು ನೆಲದ ಮೇಲೂ ಹಾಕುತ್ತದೆ. 60 ಪಿಎಸ್‌ಐ ಅಂದರೆ ಚದರ ಸೆಂಟಿಮೀಟರಿಗೆ 4.2 ಕಿಲೋ. ನೆಲಕ್ಕೆ ಮಲಗಿಸಿ ಜೋಡಿಸಿದ ಮೆತ್ತನೆಯ ಪೈನ್ ಹಲಗೆ ಕೂಡ ಇದರ ಐದಾರು ಪಟ್ಟು ತಡೆದುಕೊಳ್ಳುತ್ತದೆ. ಒಳಗೆ ಟೊಳ್ಳಿಲ್ಲದೆ, ಹಲಗೆಯ ಮೇಲೆ ಹಲಗೆ ಕೂತಿದ್ದರೆ ಅದು ಮುರಿಯಲು ದಾರಿಯೇ ಇಲ್ಲ. ಮುರಿಯುವುದು ಯಾವುದು ಗೊತ್ತಾ? ಎರಡು ಕಡೆ ಏನೋ ಇಟ್ಟು ನಡುವೆ ಸೇತುವೆ ಥರ ಹಾಕಿದ ಹಲಗೆ. ನೀವು ಯೋಚಿಸಿದ್ದು ಅದನ್ನೇ.

ಹಾಗಾಗಿ ಬಲದ ಚಿಂತೆ ಬಿಡಿ. ನನ್ನನ್ನು ಕೇಳುವವರೆಲ್ಲ ‘ತಡೆಯುತ್ತಾ’ ಅಂತಲೇ ಕೇಳುತ್ತಾರೆ. ‘ಜಾರುತ್ತಾ’ ಅಂತ ಕೇಳಿದವರು ಕಮ್ಮಿ. ನಾನು ಕಂಡ ಅವಾಂತರಗಳಲ್ಲಿ ಹೆಚ್ಚಿನವು ಜಾರಿದ್ದರಿಂದ ಆದವು.

ನಿಮ್ಮ ಟಿಟಿಯಲ್ಲಿ (ಟೆಂಪೋ ಟ್ರಾವೆಲರ್‌ನಲ್ಲಿ) ಎಂಜಿನ್ನಿನ ಬಲ ಹೋಗುವುದು ಹಿಂದಿನ ಚಕ್ರಕ್ಕೆ. ಮುಂದಿನ ಚಕ್ರ ಸುಮ್ನೆ ಉರುಳುತ್ತದೆ. ಅದು ರಾಂಪಿನ ತುದಿಗೆ ಬಂದು ತಾಗಿದಾಗ ಏರುವ ಬದಲು ರಾಂಪನ್ನೇ ಮುಂದಕ್ಕೆ ತಳ್ಳುತ್ತದೆ. ಯಾಕೆಂದರೆ ಆ ಕ್ಷಣದಲ್ಲಿ ರಾಂಪನ್ನು ನೆಲಕ್ಕೆ ಒತ್ತಿ ಹಿಡಿದಿರುವುದು ಅದರ ಸ್ವಂತ ತೂಕ ಮಾತ್ರ, 40 ಕಿಲೋ. ಚಕ್ರ ಒಮ್ಮೆ ಅದರ ಮೇಲೆ ಕೂತರೆ 800 ಕಿಲೋ ಒತ್ತುತ್ತದೆ, ಆಮೇಲೆ ಅದು ಕದಲುವುದು ಕಷ್ಟ. ಕಷ್ಟವೆಲ್ಲ ಮೊದಲ ಆರಿಂಚಿನಲ್ಲಿದೆ. ಹಿಂದಿನ ಚಕ್ರ ಹತ್ತಿಸುವಾಗ ಉಲ್ಟಾ. ಬಲ ಇರುವ ಚಕ್ರ ರಾಂಪನ್ನು ತನ್ನ ಕೆಳಗಿಂದ ಎಳೆದು ಇನ್ನೊಂದು ಕಡೆಗೆ ಒಗೆಯುತ್ತದೆ. ಟೈಲ್ಸ್ ಹಾಕಿದ ಪೋರ್ಟಿಕೋದಲ್ಲಿ ಹಾಗೆ ಹಾರಿದ ರಾಂಪೊಂದು ಸೈಲೆನ್ಸರ್ ಪೈಪನ್ನು ಬಗ್ಗಿಸಿದ್ದನ್ನು ಕಣ್ಣಾರೆ ಕಂಡಿದ್ದೇನೆ.

ಇದಕ್ಕೆ ಮದ್ದು ಗುಜರಿ ಅಂಗಡಿಯಲ್ಲಿದೆ. ಕ್ರಷರ್‌ಗಳಲ್ಲಿ ಜಲ್ಲಿ ಸಾಗಿಸುವ ಹಳೇ ಕನ್ವೇಯರ್ ಬೆಲ್ಟಿನ ತುಂಡು ತನ್ನಿ. ರಾಂಪಿನಷ್ಟೇ ಅಗಲ, ಆದರೆ ಎರಡೂವರೆ ಅಡಿ ಉದ್ದ ಜಾಸ್ತಿ. ಅದನ್ನು ಕೆಳಗಿನ ಹಲಗೆಯ ತಳಕ್ಕೆ ಸ್ಕ್ರೂ ಹಾಕಿ ಬಿಗಿಯಿರಿ. ಹೆಚ್ಚಿನ ಉದ್ದ ಗಾಡಿಯ ಕಡೆಗೆ ನಾಲಿಗೆ ಥರ ಚಾಚಿರಲಿ. ಚಕ್ರ ಮೊದಲು ಆ ನಾಲಿಗೆಯ ಮೇಲೆ ಹತ್ತುತ್ತದೆ, ಆಮೇಲೆ ರಾಂಪಿಗೆ ತಾಗುತ್ತದೆ. ಅಷ್ಟರಲ್ಲಿ ಗಾಡಿಯ ಭಾರವೇ ರಾಂಪನ್ನು ಹಿಡಿದುಕೊಂಡಿರುತ್ತದೆ. ತನ್ನ ಕಾಲಿನಿಂದ ತಾನೇ ಚಾಪೆ ತುಳಿದು ಹಿಡಿದ ಹಾಗೆ. ವಿಡಿಯೊಗಳಲ್ಲಿ ಇದನ್ನು ತೋರಿಸುವುದು ಅಪರೂಪ. ನನ್ನ ಪ್ರಕಾರ ಇಡೀ ರಾಂಪಿನಲ್ಲಿ ಇದೇ ಮುಖ್ಯ ಭಾಗ.

ಮರಕ್ಕೆ ಬರೋಣ. ಅಮೆರಿಕದವರ ‘ಟೂ ಬೈ ಟ್ವೆಲ್ವ್’ ಹೆಸರಿಗೆ ಮಾತ್ರ ಹಾಗೆ. ರಂದಾ ಹೊಡೆದು ಮಾರುವ ಆ ಹಲಗೆ ನಿಜವಾಗಿ ಒಂದೂವರೆ ಇಂಚು ದಪ್ಪ, ಹನ್ನೊಂದೂಕಾಲು ಇಂಚು ಅಗಲ. ನೀವು ಸಾಮಿಲ್ಲಿಗೆ ಹೋಗಿ ಎರಡಿಂಚು ಅಂದರೆ ಪೂರ್ತಿ ಎರಡಿಂಚೇ ಕುಯ್ದು ಕೊಡುತ್ತಾರೆ. ಐದು ಪದರ ಹಾಕಿದರೆ ಅವರದ್ದು ಏಳೂವರೆ ಇಂಚು, ನಿಮ್ಮದು ಹತ್ತು. ಮೆಟ್ಟಿಲು ಎತ್ತರವಾದಷ್ಟೂ ಚಕ್ರ ಒದೆಯುವುದು ಜಾಸ್ತಿ. ಅದಕ್ಕೆ ನೀವೂ ಒಂದೂವರೆ ಇಂಚೇ ಕುಯ್ಯಿಸಿ.

ಹಾಸನದಲ್ಲಿದ್ದೀರಿ, ಸಕಲೇಶಪುರದ ಕಡೆಯ ಕಾಫಿ ತೋಟಗಳ ಸಿಲ್ವರ್ ಓಕ್ ಧಾರಾಳವಾಗಿ ಸಿಗುತ್ತದೆ. ಈ ಕೆಲಸಕ್ಕೆ ಅದು ಸಾಕು. ನೀಲಗಿರಿ ಗಟ್ಟಿ, ಆದರೆ ಒಣಗುವಾಗ ತಿರುಚಿಕೊಳ್ಳುತ್ತದೆ, ಸೀಳುತ್ತದೆ. ತೇಗ ಹಾಕಿದರೆ ದುಡ್ಡು ದಂಡ. ಸೆಂಟ್ರಿಂಗ್ ಹಲಗೆ ಉಳಿದಿದ್ದರೆ ಒಂದೊಂದನ್ನೂ ತಿರುಗಿಸಿ ನೋಡಿ. ಸಿಮೆಂಟ್ ನೀರು ಕುಡಿದು ಅಂಚು ಕೊಳೆತಿರುತ್ತದೆ, ಒಳಗೆ ಮುರಿದ ಮೊಳೆ ಕೂತಿರುತ್ತದೆ. ಟೈರಿಗೆ ಆ ಮೊಳೆ ಸಾಕು. ಹಸಿ ಮರ ತಂದರೆ ನಡುನಡುವೆ ರೀಪರ್ (ತೆಳು ಮರದ ಪಟ್ಟಿ) ಕೊಟ್ಟು ನೆರಳಿನಲ್ಲಿ ಎರಡು ತಿಂಗಳು ಪೇರಿಸಿಡಿ. ಹಸಿಯಲ್ಲೇ ಜೋಡಿಸಿದರೆ ಮರ ಒಣಗಿ ಕುಗ್ಗಿದಾಗ ಸ್ಕ್ರೂ ಸಡಿಲವಾಗುತ್ತದೆ.

ಅಳತೆ ಹೀಗಿರಲಿ. ಅಗಲ 12 ಇಂಚು. ಅಷ್ಟು ಅಗಲದ ಒಂದೇ ಹಲಗೆ ಸಿಗುವುದು ಕಷ್ಟ, ಸಿಕ್ಕರೂ ಬಟ್ಟಲಿನ ಹಾಗೆ ಬಾಗುತ್ತದೆ. ಒಂದು ಪದರಕ್ಕೆ ಆರು ಆರು ಇಂಚಿನ ಎರಡು ಹಲಗೆ, ಅದರ ಮೇಲಿನ ಪದರಕ್ಕೆ ಮೂರು, ಆರು, ಮೂರು. ಇಟ್ಟಿಗೆ ಗೋಡೆಯಲ್ಲಿ ಕೂಡು ತಪ್ಪಿಸುವ ಹಾಗೆ ಇಲ್ಲೂ ತಪ್ಪಿಸಿ. ಉದ್ದ ಕೆಳಗಿಂದ 60, 51, 42, 33, 24 ಇಂಚು. ಅಂದರೆ ಪ್ರತಿ ಪದರಕ್ಕೆ 9 ಇಂಚು ಕಮ್ಮಿ. ಮುಂತುದಿಯನ್ನೆಲ್ಲ ಒಂದೇ ಗೆರೆಗೆ ಸರಿಹೊಂದಿಸಿ, ಮೆಟ್ಟಿಲೆಲ್ಲ ಗಾಡಿ ಏರುವ ಕಡೆ ಬರಲಿ. ಏರು ಆರಕ್ಕೆ ಒಂದರಷ್ಟು ಆಗುತ್ತದೆ, ಕ್ಲಚ್ ಸುಡದೆ ಹತ್ತಬಹುದು. ಪ್ರತಿ ಮೆಟ್ಟಿಲಿನ ಅಂಚನ್ನು 45 ಡಿಗ್ರಿ ಓರೆಯಾಗಿ ಕತ್ತರಿಸಿ. ಎರಡು ರಾಂಪಿಗೆ ಸೇರಿ 12 ಇಂಚು ಅಗಲದ ಲೆಕ್ಕದಲ್ಲಿ 35 ಅಡಿ ಉದ್ದ, ಅಂದರೆ ಸುಮಾರು ನಾಲ್ಕೂವರೆ ಘನ ಅಡಿ ಮರ. ಕುಯ್ಯುವಾಗ ಹೋಗುವುದು ಸೇರಿಸಿ ಐದು ಘನ ಅಡಿ ಹಿಡಿದುಕೊಳ್ಳಿ.

ಮೇಲಿನ ಹಲಗೆ 24 ಇಂಚು ಯಾಕೆ ಅಂತ ಕಾರ್ಪೆಂಟರ್ ಕೇಳುತ್ತಾನೆ, 18 ಸಾಲದಾ ಅನ್ನುತ್ತಾನೆ. ಸಾಲದು. ತುದಿಯಲ್ಲಿ ನಾಲ್ಕಿಂಚಿನ ಚೌಕದ ಒಂದು ತುಂಡನ್ನು ಅಡ್ಡಲಾಗಿ ಬೋಲ್ಟ್ ಹಾಕಿ ನಿಲ್ಲಿಸಬೇಕು, ಚಕ್ರ ಮುಂದೆ ದಾಟಿ ಬೀಳದಂತೆ. ಟೈರು ಅದಕ್ಕೆ ಒರಗಿ ನಿಂತಾಗ ಅದರ ನಡುಭಾಗ ಆ ತುಂಡಿನಿಂದ ಒಂಬತ್ತು ಇಂಚು ಹಿಂದಿರುತ್ತದೆ. 18 ಇಂಚಿನ ಹಲಗೆಯಾದರೆ ಟೈರಿನ ಹಿಂಬದಿ ಮೆಟ್ಟಿಲಿನ ಅಂಚಿಗೇ ಬಂತು. ಟೈರು ಪೂರ್ತಿ ಮಟ್ಟದ ಮೇಲೆ ನಿಂತರೆ ಗಾಡಿಗೆ ಹಿಂದೆ ಉರುಳುವ ಸೆಳೆತವೇ ಇರುವುದಿಲ್ಲ, ಮೂಗು ಮೇಲಿದ್ದರೂ ಸರಿ. ಅಂಚಿಗೆ ಬಂದರೆ ಇರುತ್ತದೆ. ಆರು ಇಂಚು ಮರ ಉಳಿಸಲು ಹೋಗಬೇಡಿ.

ಪದರಗಳ ನಡುವೆ ನೀರಿಗೆ ಬಿಡದ ಅಂಟು ಬಳಿಯಿರಿ, ಫೆವಿಕಾಲ್ ಮರೀನ್ ಥರದ್ದು. ಪ್ರತಿ ಪದರವನ್ನೂ ಕೆಳಗಿನದಕ್ಕೆ ಎರಡೂವರೆ ಇಂಚಿನ ಸ್ಕ್ರೂ ಹಾಕಿ ಬಿಗಿಯಿರಿ. ಮೂರಿಂಚು ಹಾಕಿದರೆ ತುದಿ ಕೆಳಗೆ ಇಣುಕುತ್ತದೆ. ಮೊದಲು ತೂತು ಕೊರೆದೇ ಹಾಕಿ, ತಲೆ ಮರದೊಳಗೆ ಮುಳುಗಲಿ. ಮೊಳೆ ಬೇಡ, ನಾಲ್ಕು ಸಲ ಹತ್ತಿಳಿದರೆ ಅದು ಮೇಲೆ ಏಳುತ್ತದೆ. ಕೊನೆಗೆ ಐದೂ ಪದರ ದಾಟುವ ಹಾಗೆ ಎರಡು ಕಡೆ 10 ಎಂಎಂ ಬೋಲ್ಟ್. ಬಣ್ಣ ಬಳಿಯುವಾಗ ಮೇಲ್ಮೈಗೆ ಬಣ್ಣ ಹಸಿ ಇರುವಾಗಲೇ ಜರಡಿ ಹಿಡಿದ ಎಂ-ಸ್ಯಾಂಡ್ ಉದುರಿಸಿ. ಗೆದ್ದಲಿಗೆ ಒಳ್ಳೆಯದು ಅಂತ ಸುಟ್ಟ ಎಂಜಿನ್ ಆಯಿಲ್ ಬಳಿಯುವ ಅಭ್ಯಾಸ ನಮ್ಮಲ್ಲಿದೆ. ಬೇಲಿ ಗೂಟಕ್ಕೆ ಬಳಿಯಿರಿ, ರಾಂಪಿಗೆ ಬೇಡ.

ಹತ್ತಿಸುವ ಮುಂಚೆ ಟೇಪು ಹಿಡಿದು ಗಾಡಿಯ ಸುತ್ತ ಒಂದು ಸುತ್ತು ಬನ್ನಿ. ಮುಂದಿನ ಬಂಪರಿನ ಕೆಳಗೆ ಒಂಬತ್ತು ಇಂಚಾದರೂ ಇದೆಯಾ? ಇಲ್ಲದಿದ್ದರೆ ಚಕ್ರಕ್ಕಿಂತ ಮೊದಲು ಬಂಪರೇ ರಾಂಪಿಗೆ ಗುದ್ದುತ್ತದೆ. ಆಗ ನಾಲ್ಕೇ ಪದರ ಮಾಡಿ, ಆರು ಇಂಚು ಎತ್ತಿದರೂ ಕೆಲಸ ಆಗುತ್ತದೆ. ಮೂಗು ಎದ್ದರೆ ಬಾಲ ಇಳಿಯುತ್ತದೆ. 3350 ವೀಲ್‌ಬೇಸಿಗೆ ಏಳೂವರೆ ಇಂಚು ಎತ್ತಿದರೆ, ಹಿಂದಿನ ಚಕ್ರದಿಂದ ಒಂದು ಮೀಟರ್ ಹಿಂದೆ ಇರುವ ಭಾಗ ಎರಡು ಇಂಚಿಗಿಂತ ಸ್ವಲ್ಪ ಜಾಸ್ತಿ ಕೆಳಗೆ ಬರುತ್ತದೆ. ಅಲ್ಲಿ ಕೊಳೆನೀರಿನ ಪೈಪೋ ಸೈಕಲ್ ಸ್ಟ್ಯಾಂಡೋ ಇದ್ದರೆ ನೋಡಿಕೊಳ್ಳಿ. ಮೇಲೆ ಪೋರ್ಟಿಕೋ ಸ್ಲ್ಯಾಬಿಗೆ ಎಷ್ಟು ಜಾಗ ಇದೆ ಅನ್ನುವುದನ್ನೂ ನೋಡಿ. ಛಾವಣಿಯ ಮೇಲೆ ಸೋಲಾರ್ ಪ್ಯಾನೆಲ್ ಹಾಕಿಸಿರುವುದನ್ನು ಮಾಲೀಕರೇ ಮರೆಯುತ್ತಾರೆ.

ನೆಲ ಮಟ್ಟವಾಗಿರಬೇಕು, ಗಟ್ಟಿಯಾಗಿರಬೇಕು. ಒರಟು ಸಿಮೆಂಟ್ ನೆಲ ಒಳ್ಳೆಯದು. ಕಡಪ ಕಲ್ಲು, ಟೈಲ್ಸ್ ಬೇಡ. ಮಳೆಗಾಲದ ಕೆಂಪು ಮಣ್ಣು ಬೇಡವೇ ಬೇಡ. ಬೆಳಿಗ್ಗೆ ಗಟ್ಟಿ ಅನಿಸಿದ ನೆಲ ಮಧ್ಯಾಹ್ನ ಒಂದು ಮಳೆ ಬಂದರೆ ಒಂದು ಕಡೆ ಕುಸಿಯುತ್ತದೆ.

ನೀರಿನ ಟ್ಯಾಂಕ್ ಖಾಲಿ ಮಾಡಿ. ನೂರು ಲೀಟರ್ ಅಂದರೆ ನೂರು ಕಿಲೋ, ಅದೂ ಓಲಾಡುವ ನೂರು ಕಿಲೋ. ಸ್ಟೀರಿಂಗ್ ನೇರ ಮಾಡಿ, ಎರಡೂ ರಾಂಪುಗಳ ಬೆಲ್ಟಿನ ನಾಲಿಗೆಯನ್ನು ಚಕ್ರಕ್ಕೆ ತಾಗಿಸಿ ಇಟ್ಟು, ಸೀಮೆಸುಣ್ಣದಲ್ಲಿ ನೆಲದ ಮೇಲೆ ಗೆರೆ ಎಳೆಯಿರಿ. ಒಬ್ಬರು ಪಕ್ಕದಲ್ಲಿ ನಿಂತು ಹೇಳಬೇಕು, ಕನ್ನಡಿಯಲ್ಲಿ ಕಾಣುವ ಕಡೆ. ಗಾಡಿಯ ಮುಂದೆ ಯಾರೂ ನಿಲ್ಲಬಾರದು. ಫಸ್ಟ್ ಗೇರು, ಅರ್ಧ ಕ್ಲಚ್ಚು, ಒಂದೇ ಹದದಲ್ಲಿ. ಅಡ್ಡ ತುಂಡಿಗೆ ತಾಗಿದ್ದು ಸೀಟಿನಲ್ಲೇ ಗೊತ್ತಾಗುತ್ತದೆ. ಅಲ್ಲಿಗೆ ನಿಲ್ಲಿಸಿ, ದಾಟಿಸಲು ಹೋಗಬೇಡಿ. ಹ್ಯಾಂಡ್‌ಬ್ರೇಕ್ ಎಳೆದು, ಎಂಜಿನ್ ಆಫ್ ಮಾಡಿ, ಗೇರಿನಲ್ಲಿ ಬಿಡಿ. ಕೀ ನಿಮ್ಮ ಜೇಬಿನಲ್ಲಿರಲಿ. ನೆಲದ ಮೇಲಿರುವ ಹಿಂದಿನ ಚಕ್ರಗಳಿಗೆ ಹಿಂದೂ ಮುಂದೂ ಮರದ ತುಂಡು ಕೊಡಿ. ಕಲ್ಲು ಬೇಡ, ಅದು ಉರುಳುತ್ತದೆ. ಆಮೇಲೆ ಗಾಡಿಯ ಪಕ್ಕ ನಿಂತು ಎರಡೂ ಕೈಯಿಂದ ಬಲವಾಗಿ ಅಲುಗಾಡಿಸಿ ನೋಡಿ. ಅಲುಗಿದರೆ ಈಗ ಅಲುಗಲಿ, ನೀವು ಕೆಳಗಿದ್ದಾಗ ಬೇಡ. ಸ್ಟೆಪ್ನಿಯನ್ನು ಬಿಚ್ಚಿ ಚಾಸಿಯ ಕೆಳಗೆ, ನೀವು ಮಲಗುವ ಜಾಗದ ಪಕ್ಕ ಮಲಗಿಸಿ. ಹಳೇ ಡ್ರೈವರ್‌ಗಳ ಅಭ್ಯಾಸ ಇದು. ಏನೇ ಆದರೂ ಗಾಡಿ ಮೊದಲು ಕೂರುವುದು ಅದರ ಮೇಲೆ.

ಕ್ಯಾಂಪರ್‌ಗೆ ಮಾತ್ರ ಇರುವ ಒಂದು ಅಪಾಯ ಹೇಳಲೇಬೇಕು. ನಿಮ್ಮ ಗಾಡಿಯಲ್ಲಿ ಗ್ಯಾಸ್ ಸಿಲಿಂಡರ್ ಇದೆ ಅಲ್ವಾ? ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ನೆಲದ ತೂತುಗಳಿಂದ ಇಳಿದು ಗಾಡಿಯ ಅಡಿಯಲ್ಲೇ ಕೂರುತ್ತದೆ, ಸರಿಯಾಗಿ ನಿಮ್ಮ ಮೂಗಿನ ಹತ್ತಿರ. ಕೆಳಗೆ ಹೋಗುವ ಮುಂಚೆ ಸಿಲಿಂಡರಿನ ರೆಗ್ಯುಲೇಟರ್ ತಿರುಗಿಸಿ ಬಂದ್ ಮಾಡಿ. ಸಿಲಿಂಡರ್ ಗಾಡಿಯಲ್ಲಿರುವಾಗ ಅಡಿಯಲ್ಲಿ ಗ್ರೈಂಡಿಂಗು, ವೆಲ್ಡಿಂಗು ಕೂಡದು. ಬಣ್ಣಕ್ಕೆ ಮುಂಚೆ ತುಕ್ಕು ಉಜ್ಜುವುದಾದರೆ ಕೈಯಲ್ಲೇ ತಂತಿ ಬ್ರಷ್ ಹಿಡಿಯಿರಿ, ಕಣ್ಣಿಗೆ ಕನ್ನಡಕ ಇರಲಿ. ಸೈಲೆನ್ಸರ್, ಬ್ರೇಕ್ ಹೋಸು, ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರಕ್ಕೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟು ಇವಕ್ಕೆ ಬಣ್ಣ ತಾಗಬಾರದು. ಬಾಡಿಯಲ್ಲಿ ನೀರು ಇಳಿಯಲು ಬಿಟ್ಟ ತೂತುಗಳನ್ನು ಮುಚ್ಚಬೇಡಿ. ಮುಚ್ಚಿದರೆ ತುಕ್ಕು ಒಳಗಿಂದ ಶುರುವಾಗುತ್ತದೆ.

ರಾಂಪಿನ ಮೇಲೆ ಮಾಡಬಾರದ ಕೆಲಸಗಳೂ ಇವೆ. ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಬಾರದು. ಅದು ಬಿಚ್ಚಿದ ಕೂಡಲೇ ಗೇರಿನಲ್ಲಿ ಬಿಟ್ಟದ್ದಕ್ಕೆ ಅರ್ಥವೇ ಇರುವುದಿಲ್ಲ, ಗೇರ್‌ಬಾಕ್ಸಿಗೂ ಚಕ್ರಕ್ಕೂ ಸಂಬಂಧ ಕಡಿದುಹೋಯಿತು. ಹಿಂದಿನ ಬ್ರೇಕ್ ಕೆಲಸ ಕೂಡ ಹಾಗೇ, ಅದಕ್ಕೆ ಹ್ಯಾಂಡ್‌ಬ್ರೇಕ್ ಬಿಡಬೇಕಾಗುತ್ತದೆ. ಕ್ರೌನ್ ಆಯಿಲ್ (ಹಿಂದಿನ ಆ್ಯಕ್ಸಲಿನ ಗೇರಿನ ಆಯಿಲ್) ಮಟ್ಟವನ್ನು ಗಾಡಿ ಸಮ ನೆಲದಲ್ಲಿದ್ದಾಗಲೇ ನೋಡಬೇಕು. ಎಂಜಿನ್ ಆಯಿಲನ್ನು ಮೇಲೆ ನಿಂತೇ ಬದಲಿಸಿ, ಆದರೆ ಡಿಪ್‌ಸ್ಟಿಕ್ ಓದುವುದು ಇಳಿದ ಮೇಲೆ. ಇಳಿಸುವಾಗ ಎಂಜಿನ್ ಸ್ಟಾರ್ಟ್ ಇರಲಿ. ಹೇಗೂ ಇಳಿಜಾರು, ಸುಮ್ನೆ ನ್ಯೂಟ್ರಲ್‌ನಲ್ಲಿ ಬಿಡೋಣ ಅಂದುಕೊಳ್ಳಬೇಡಿ. ಎಂಜಿನ್ ಆಫ್ ಆದರೆ ಬ್ರೇಕಿಗೆ ಸಿಗುವ ಸಹಾಯ ಒಂದೆರಡು ತುಳಿತದಲ್ಲಿ ಮುಗಿಯುತ್ತದೆ, ಪೆಡಲ್ಲು ಕಲ್ಲಾಗುತ್ತದೆ.

ಹಿಂದಿನ ಜೋಡಿ ಟೈರಿನ ವಿಷಯ. 12 ಇಂಚಿನ ರಾಂಪಿನ ಮೇಲೆ ಎರಡೂ ಕೂರುವುದಿಲ್ಲ. ಒಂದನ್ನೇ ಕೂರಿಸಿದರೆ ಎರಡು ಟೈರಿನ ಭಾರ ಒಂದಕ್ಕೆ ಬೀಳುತ್ತದೆ, ಮೇಲಿನ ಲೆಕ್ಕದಲ್ಲಿ 1,200 ಕಿಲೋ. ಟೈರಿಗೆ ಒಳ್ಳೆಯದಲ್ಲ, ರಾಂಪಿಗೆ ಬ್ಯಾಲೆನ್ಸೂ ಇರುವುದಿಲ್ಲ. ಎರಡು ಟೈರಿನ ಹೊರ ಅಂಚುಗಳ ನಡುವೆ ಅಳೆದು, ಮೂರಿಂಚು ಸೇರಿಸಿ ಬೇರೆ ರಾಂಪು ಮಾಡಿಸಬೇಕು. ನಿಜ ಹೇಳಬೇಕೆಂದರೆ ಅದು ಅಷ್ಟು ಅಗತ್ಯವಿಲ್ಲ. ಹಿಂದೆ ನಿಮಗಿರುವುದು ಕಮಾನು ಪಟ್ಟಿಯ ಶ್ಯಾಕಲ್ (ತುದಿಯ ಕೊಂಡಿ), ಶಾಫ್ಟಿನ ಕ್ರಾಸ್ (ತಿರುಗುವ ಕೀಲು), ಇವಕ್ಕೆ ಗ್ರೀಸ್ ಗನ್ ಹಿಡಿಯುವ ಕೆಲಸ. ಟಿಟಿಯ ಹಿಂಭಾಗ ಇರುವ ಎತ್ತರದಲ್ಲೇ ಪಕ್ಕದಿಂದ ಮಲಗಿ ಕೈಗೆ ಎಟುಕಿಸಬಹುದು. ಅದಕ್ಕೂ ಮೀರಿದ ಕೆಲಸ ಬಂದರೆ ಪಿಟ್ ಇರುವ ಗ್ಯಾರೇಜಿಗೆ ಹೋಗಿ, ನಿಮ್ಮ ಎದುರೇ ಮಾಡಿಸಿ.

ಪ್ರವಾಸಕ್ಕೆ ಇವನ್ನು ಒಯ್ಯಬೇಡಿ, ಜೋಡಿ 80 ಕಿಲೋ ತೂಗುತ್ತದೆ. ಆದರೆ ಕುಯ್ದು ಉಳಿದ ತುಂಡುಗಳನ್ನು ಬಿಸಾಡಬೇಡಿ. ಒಂದೂವರೆ ಅಡಿಯ ನಾಲ್ಕು ತುಂಡು ಸೀಟಿನ ಕೆಳಗೆ ಇಟ್ಟುಕೊಳ್ಳಿ. ರಾತ್ರಿ ತಂಗುವ ಕಡೆ ನೆಲ ಓರೆಯಾಗಿದ್ದರೆ ತಗ್ಗಿನ ಕಡೆಯ ಚಕ್ರಕ್ಕೆ ಒಂದೋ ಎರಡೋ ಕೊಟ್ಟು ಹತ್ತಿಸಿ. ಮಟ್ಟ ಆಯಿತಾ ಅಂತ ನೋಡಲು ಒಲೆಯ ಮೇಲೆ ದೋಸೆ ಹೆಂಚಿಟ್ಟು ನಡುವೆ ಒಂದು ಚಮಚ ನೀರು ಹಾಕಿದರೆ ಸಾಕು. ಆ ತುಂಡುಗಳನ್ನು ಕೊಟ್ಟು ಗಾಡಿಯ ಅಡಿಗೆ ಮಾತ್ರ ಹೋಗಬೇಡಿ, ಅವು ಮಲಗಿ ನಿದ್ದೆ ಮಾಡಲಿಕ್ಕೆ.